ಕಾಕು ಹತ್ತಿದ ಗಾಡಿ

ನಮ್ಮ ಕಾಲೊನಿಯಲ್ಲಿ ಯಾರ ಮನೆಗೆ ನೆಂಟರು ಬಂದರೂ ಮೊದಲು ಚಹಾ, ಆಮೇಲೆ ಕಾಕು. ನೆಂಟರು ಕಪ್ಪು ಕೆಳಗಿಡುವಷ್ಟರಲ್ಲಿ ಮನೆಯವರು ಕಾಂಪೌಂಡಿನ ಮೇಲಿಂದ ಕೂಗು ಹಾಕುತ್ತಿದ್ದರು, "ಕಾಕೂ, ನಮ್ಮ ಬೀಗರು ಬಂದಾರ, ಊರು ತೋರಸ್ಕೊಂಡು ಬರ್ತೀರೇನ್ರೀ?" ಒಳಗಿನಿಂದ "ಬಂದೆ" ಎಂಬ ಉತ್ತರ ಬರುತ್ತಿತ್ತು. ಬಿಸಿಲು ನೆತ್ತಿ ಸುಡುವ ಏಪ್ರಿಲ್‌ನಲ್ಲೂ ಕಾಕು ಇಲ್ಲ ಎಂದದ್ದನ್ನು ನಾನು ಕೇಳಿಲ್ಲ.

ಅವರು ಹೋಗಿ ಈಗ ತಿಂಗಳಾಯಿತು. ಮೊನ್ನೆ ಎದುರು ಮನೆಗೆ ಮೈಸೂರಿನಿಂದ ಯಾರೋ ಬಂದಿದ್ದರು. ಆ ಮನೆಯಾಕೆ ರೂಢಿಯಂತೆ ಕಾಂಪೌಂಡಿನ ಹತ್ತಿರ ಬಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಬಟ್ಟೆ ಒಣಹಾಕುತ್ತಿದ್ದ ನಾನು ನೋಡಿಯೂ ನೋಡದವಳ ಹಾಗೆ ಮುಖ ತಿರುಗಿಸಿಕೊಂಡೆ.

ಕಾಕು ಎಂದರೆ ನಮ್ಮಲ್ಲಿ ಚಿಕ್ಕಮ್ಮ, ಆದರೆ ಅವರು ನನಗೆ ಸಂಬಂಧಿಯಲ್ಲ, ಪಕ್ಕದ ಮನೆಯವರು. ಗಂಡ ಗಂಜ್ ಎಂಬ ಧಾನ್ಯಪೇಟೆಯ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಕಮಲಾಪುರದಿಂದ ಕಲಬುರಗಿಗೆ ಬಂದವರು. ಗಂಡ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಇಲ್ಲೇ ಉಳಿದರು. ಗಿಡ್ಡ ಆಳು, ತುಸು ದಪ್ಪ. ಹಣೆಯ ತುಂಬ ವಿಭೂತಿ, ಇಳಕಲ್ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ, ಬಲಗೈ ಮುಷ್ಟಿಯಲ್ಲಿ ಒಂದು ನಿಂಬೆಹಣ್ಣು. ಹೊರಗೆ ಹೊರಟಾಗ ಆ ನಿಂಬೆಹಣ್ಣು ಇರಲೇಬೇಕು. ಊರ ಮಂದಿಯನ್ನೆಲ್ಲ ಕರೆದುಕೊಂಡು ತಿರುಗುವ ಹೆಂಗಸು, ದೃಷ್ಟಿ ತಾಗಬಾರದಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಯಾರೋ ಹಾಗೆ ಕೇಳಿದಾಗ ಕಾಕು "ಹೌದ್ ಮತ್ತ" ಎಂದಿದ್ದರು. ಅಲ್ಲಿಗೆ ಆ ಮಾತು ಮುಗಿದಿತ್ತು.

ಇನ್ನು ಅವರ ಉಪವಾಸ. ಸೋಮವಾರ ಶರಣಬಸಪ್ಪನದು, ಗುರುವಾರ ಗಾಣಗಾಪುರದ ದತ್ತನದು, ಶುಕ್ರವಾರ ಯಲ್ಲಮ್ಮನದು, ಶನಿವಾರ ಹನುಮಪ್ಪನದು. ನೆಂಟರು ಮಂಗಳವಾರ ಬಂದರೆ ಮಂಗಳವಾರಕ್ಕೂ ಒಬ್ಬ ದೇವರು ಸಿಗುತ್ತಿದ್ದ. "ಒಂದ್ ತುತ್ತ ತಿಂದ್ ಹೋಗ್ರೀ ಕಾಕು" ಎಂದು ಯಾರಾದರೂ ರೊಟ್ಟಿ ಮುಂದಿಟ್ಟರೆ, "ಇವತ್ತ ನಂದು ಉಪಾಸ ಅದ, ಬಂದ ಮ್ಯಾಲ ನೋಡಮು" ಎಂದು ಚಪ್ಪಲಿ ಮೆಟ್ಟುತ್ತಿದ್ದರು. ತಿರುಗಾಟದಿಂದ ಬಂದ ಮೇಲೆ ನೇರ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾರಾದರೂ ಕೇಳಿಕೊಂಡು ಹೋದರೆ ಸೊಸೆ ಹೊಸ್ತಿಲಲ್ಲೇ ಅಡ್ಡ ನಿಂತು, "ಅತ್ತಿ ಒಳಗ ಅದಾರ್ರೀ, ಈಗ ಮಾತಾಡಸಬ್ಯಾಡ್ರಿ" ಎನ್ನುತ್ತಿದ್ದಳು. ಲಿಂಗಪೂಜೆಗೆ ಕೂತಿದ್ದಾರೆ ಎಂದು ನಾವು ದನಿ ತಗ್ಗಿಸಿ ಹಿಂದಿರುಗುತ್ತಿದ್ದೆವು. ಇಷ್ಟೊಂದು ಭಕ್ತಿಯ ಹೆಂಗಸು ಕಾಲೊನಿಯಲ್ಲಿ ಇನ್ನೊಬ್ಬರಿರಲಿಲ್ಲ. ನನ್ನ ಅವ್ವನಂತೂ ಕಾಕುವಿನ ಹೆಸರು ಹೇಳಿ ನನ್ನನ್ನು ಮೂದಲಿಸುವುದನ್ನೇ ಒಂದು ವ್ರತ ಮಾಡಿಕೊಂಡಿದ್ದಳು.

ಊರು ತೋರಿಸುವುದರಲ್ಲಿ ಅವರದು ಅವರದೇ ಕಾಯ್ದೆ. ಕಾರು ಕೂಡದು. ಒಮ್ಮೆ ಎದುರು ಮನೆಯ ಇಂಜಿನಿಯರರ ಬೀಗರು ಬಾಡಿಗೆಗೆ ಏಸಿ ಕಾರು ತರಿಸಿ, ಬಾಗಿಲು ತೆರೆದು ಹಿಡಿದು ನಿಂತರು. ಕಾಕು ಒಳಗೊಮ್ಮೆ ಇಣುಕಿ ಹಿಂದೆ ಸರಿದರು. "ಇದರಾಗ ಕುಂತ್ರ ಊರು ಕಾಜಿನ ಹೊರಗ ಉಳೀತದ್ರೀ. ಬರ್ರಿ, ಟಂಟಂ ಹತ್ತಮು" ಎಂದು ನಡೆದೇಬಿಟ್ಟರು. ಟಂಟಂ ಎಂದರೆ ನಮ್ಮಲ್ಲಿ ಹತ್ತಾರು ಮಂದಿ ಒತ್ತೊತ್ತಾಗಿ ಕೂತು ಹೋಗುವ ದೊಡ್ಡ ಆಟೊ. ಬೀಗರು ಇಸ್ತ್ರಿಯ ಬಟ್ಟೆಯಲ್ಲಿ ಅವರ ಹಿಂದೆ ಓಡಿದ್ದು ಕಾಲೊನಿಗೆ ಒಂದು ವಾರ ನಗಲು ಸಾಕಾಯಿತು.

ಟಂಟಂ ತುಂಬದ ಹೊರತು ಹೊರಡುವುದಿಲ್ಲ. ಉಳಿದವರು ಒಳಗೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರೆ ಕಾಕು ಕೆಳಗಿಳಿದು ತಾವೇ ಕೂಗಿ ಕರೆಯುತ್ತಿದ್ದರು, "ಜಗತ್, ಜಗತ್! ಬರ್ರಿ, ಜಾಗಾ ಅದ!" ಸ್ಟ್ಯಾಂಡಿನ ಡ್ರೈವರುಗಳಿಗೆಲ್ಲ ಅವರು ಖಾಲಾ, ಉರ್ದುವಿನ ಚಿಕ್ಕಮ್ಮ. ಒಬ್ಬ ಗಡ್ಡದ ಡ್ರೈವರ್ ಅಂತೂ ಅವರು ಬಂದರೆ ಸ್ಟಿಯರಿಂಗ್ ಬಿಟ್ಟು ಆರಾಮಾಗಿ ಪಾನ್ ಹಾಕಿಕೊಳ್ಳುತ್ತಿದ್ದ. "ಖಾಲಾ ಆಯೇ ತೋ ಗಾಡಿ ಭರ್ತಿ. ನಂದೇನ್ ಕೆಲಸ ಇಲ್ರೀ" ಎನ್ನುತ್ತಿದ್ದ. ತುಂಬಿದ ಮೇಲೆ ಕಾಕುವಿಗೆ ಅಂಚಿನ ಜಾಗವೇ ಬೇಕು, ಮುಖಕ್ಕೆ ಗಾಳಿ ಬಡಿಯುವಂಥದು. ಜಗತ್ ಸರ್ಕಲ್ ಬರುವಷ್ಟರಲ್ಲಿ ಗಾಡಿಯಲ್ಲಿದ್ದ ಎಲ್ಲರೂ ಎಲ್ಲರಿಗೂ ಗೊತ್ತಾಗಿರುತ್ತಿದ್ದರು. ದರ್ಗಾಕ್ಕೆ ಹೊರಟ ಮುದುಕಿಯ ಮಂಡಿನೋವಿಗೆ ಗಂಜ್‌ಗೆ ಹೊರಟ ರೈತ ಔಷಧ ಹೇಳುತ್ತಿದ್ದ. ಅದೆಂಥ ಮಾಟವೋ! ಕಾಕು ಹತ್ತಿದ ಗಾಡಿ ಮನೆಯ ಪಡಸಾಲೆಯಾಗುವುದನ್ನು ನಾನು ಬೆರಗಿನಿಂದ ನೋಡುತ್ತಿದ್ದೆ.

ಕೋಟೆಯೊಳಗಿನ ಜಾಮಿ ಮಸೀದಿಗೆ ಕರೆದೊಯ್ದರೆ ಅವರು ಇತಿಹಾಸ ಹೇಳುತ್ತಿರಲಿಲ್ಲ. ಕಮಾನುಗಳ ನಡುವೆ ನಿಲ್ಲಿಸಿ, "ಜರಾ ಸುಮ್ನಿರ್ರಿ. ತಂಪು ಹೆಂಗ ಬರ್ತದ ನೋಡ್ರಿ" ಎಂದು ತಾವೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಹೊರಗಿನ ಬಿಸಿಲು ಯಾವುದೋ ಬೇರೆ ಊರಿನದು ಅನ್ನಿಸುತ್ತಿತ್ತು. ಹುಟ್ಟಿದಾರಭ್ಯ ಈ ಊರಿನಲ್ಲಿದ್ದ ನಾನು ಅದನ್ನು ಸರಿಯಾಗಿ ನೋಡಿದ್ದು ಅವರ ಹಿಂದೆ ನಿಂತಾಗಲೇ.

ಆದರೆ ನೆಂಟರು ಊರಿಗೆ ಹೋಗಿ ನೆನೆಸಿಕೊಳ್ಳುತ್ತಿದ್ದದ್ದು ಕೋಟೆಯನ್ನಲ್ಲ, ಗುಂಬಜುಗಳನ್ನಲ್ಲ. ಕಾಕು ದಾರಿಯ ನಡುವೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುತ್ತಿದ್ದರು. "ನಿಲ್ಸಪ್ಪಾ, ಇದನ್ನ ನೋಡ್ಲೇಬೇಕು!" ಎಲ್ಲರೂ ದಡಬಡ ಇಳಿಯಬೇಕು. ನೋಡಿದರೆ ಒಂದು ಬೇವಿನ ಮರ, ಇಲ್ಲವೆ ಒಂದು ಹಾಳು ಬಾವಿ. ಕಾಕು ಮರಕ್ಕೆ ಒಂದು ಕೈ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ನಿಂಬೆಹಣ್ಣು ಮೂಸಿ, ಆಮೇಲೆ ಶುರುಮಾಡುತ್ತಿದ್ದರು. ಈ ಬಾವಿಯಲ್ಲಿ ರಜಾಕಾರರ ಕಾಲದಲ್ಲಿ ಒಂದು ಮನೆತನದವರು ತಾಮ್ರದ ಹಂಡೆಗಳನ್ನು ಮುಳುಗಿಸಿಟ್ಟು ಓಡಿಹೋದದ್ದು, ತಿರುಗಿ ಬಂದಾಗ ಹಂಡೆಗಳು ಹಾಗೇ ಇದ್ದದ್ದು, ಆದರೆ ಅವುಗಳಲ್ಲಿ ಆಮೆ ಸಂಸಾರ ಹೂಡಿದ್ದು. ಈ ಬೇವಿನ ನೆರಳಲ್ಲಿ ತಮ್ಮ ಮದುವೆಯ ಎತ್ತಿನ ಗಾಡಿಯ ಅಚ್ಚು ಮುರಿದು, ಬಾಸಿಂಗ ಕಟ್ಟಿಕೊಂಡೇ ಸಂಜೆಯ ತನಕ ಕೂತದ್ದು. ಯಾವ ಪ್ರವಾಸಿ ಫಲಕದಲ್ಲೂ ಇಲ್ಲದ ಕಥೆಗಳು. ಇಂಜಿನಿಯರರ ಬೀಗರು ಈಗಲೂ ಫೋನಿನಲ್ಲಿ ಕೇಳುತ್ತಾರಂತೆ, "ಆ ಆಮೆ ಬಾವಿ ಹೇಗಿದೆ?"

ನನ್ನ ಮಟ್ಟಿಗೆ ಕಾಕು ಬರೀ ಪಕ್ಕದ ಮನೆಯವರಾಗಿ ಉಳಿಯದೆ ಹೋದದ್ದು ನನಗಾದ ಅಪಘಾತದ ನಂತರ.

ಕಮಲಾಪುರದ ಸರಕಾರಿ ಶಾಲೆಯಲ್ಲಿ ನಾನು ಶಿಕ್ಷಕಿ. ದಿನಾ ಹುಮನಾಬಾದ್ ರಸ್ತೆಯ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಜೂನಿನಲ್ಲಿ ಒಂದು ಬೆಳಿಗ್ಗೆ, ಮಹಾಗಾಂವ ಕ್ರಾಸ್ ದಾಟಿದ ಮೇಲೆ, ಎದುರಿಗೆ ಬಂದ ಲಾರಿಯನ್ನು ತಪ್ಪಿಸಲು ಹೋಗಿ ನಮ್ಮ ಬಸ್ಸು ರಸ್ತೆ ಬಿಟ್ಟು ತಗ್ಗಿಗೆ ಉರುಳಿತು. ಯಾರ ಜೀವವೂ ಹೋಗಲಿಲ್ಲ, ಅದೇ ಪುಣ್ಯ. ನನ್ನ ಎಡಗೈ ಮುರಿಯಿತು. ಕೈ ಕೂಡಿತು, ಆದರೆ ಧೈರ್ಯ ಕೂಡಲಿಲ್ಲ. ಗಾಡಿ ಎಂಬುದು ಯಾವುದೇ ಇರಲಿ, ಮೆಟ್ಟಿಲ ಮೇಲೆ ಕಾಲಿಟ್ಟರೆ ಉಸಿರು ಕಟ್ಟಿ, ಕೆಳಗಿಳಿದುಬಿಡುತ್ತಿದ್ದೆ. ರಜೆ ಕರಗುತ್ತಿತ್ತು. ಅಪ್ಪ ಇಲ್ಲದ ಮನೆ. ನನ್ನ ಸಂಬಳದಿಂದಲೇ ಒಲೆ ಹೊತ್ತಬೇಕು, ತಂಗಿಯ ಓದು ಸಾಗಬೇಕು. ಒಂದು ಸಂಜೆ ಅವ್ವನಿಗೆ ಹೇಳಿದೆ, "ನಾ ನೌಕರಿ ಬಿಡ್ತೀನವ್ವಾ." ಅವ್ವ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಕಾಕು ನಿಂಬೆಹಣ್ಣು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ನಡಿ, ಟಂಟಂನಾಗ ಕುಂತ್ ಬರಮು."

"ನನಗ ಆಗೂದಿಲ್ಲ ಕಾಕು."

"ಹೋಗೂದಲ್ಲವ್ವಾ, ಬರೇ ಕುಂಡ್ರೂದು. ಅದು ತುಂಬೂತನಾ ಎಲ್ಲಿಗೂ ಹೋಗೂದಿಲ್ಲಲ್ಲ!"

ಹಾಗೆ ಮೊದಲ ದಿನ ನಿಂತ ಟಂಟಂನಲ್ಲಿ ಕೂತೆವು. ಅಂದು ಕಾಕು ಯಾರನ್ನೂ ಕರೆಯಲಿಲ್ಲ. ಗಾಡಿ ತಾನಾಗಿ ತುಂಬುತ್ತ ಬಂದು, ಇನ್ನೇನು ಹೊರಡಬೇಕು ಅನ್ನುವಾಗ ಇಬ್ಬರೂ ಇಳಿದೆವು. ಗಡ್ಡದ ಡ್ರೈವರ್ ಹಣೆ ಹಣೆ ಚಚ್ಚಿಕೊಂಡ. "ಕ್ಯಾ ಖಾಲಾ, ಗಾಡಿ ಭರ್ತಿ ಮಾಡೋರ ನೀವು, ಈಗ ಖಾಲಿ ಮಾಡಾಕತ್ತೀರಿ?" ಕಾಕು ಅವನನ್ನು ಬದಿಗೆ ಕರೆದು ಏನೋ ಹೇಳಿದರು. ಮರುದಿನದಿಂದ ಅವನು ನಮ್ಮಿಬ್ಬರಿಗಾಗಿ ಅಂಚಿನ ಜಾಗ ಹಿಡಿದಿಡತೊಡಗಿದ.

ಕೆಲವು ದಿನಗಳ ಮೇಲೆ ಜಗತ್‌ವರೆಗೆ. ಆಮೇಲೆ ಶರಣಬಸವೇಶ್ವರ ಗುಡಿಯವರೆಗೆ. ಅಳುತ್ತ ಹೋದೆ, ಬೆವರುತ್ತ ಬಂದೆ. ಒಂದು ದಿನ ನಡುವೆ ಕಿರುಚಿ ಗಾಡಿ ನಿಲ್ಲಿಸಿದೆ. ಕಾಕು ಸಿಟ್ಟಾಗಲಿಲ್ಲ, ನನ್ನ ಜೊತೆ ಇಳಿದು ಮನೆಯ ತನಕ ನಡೆದರು. ಅದು ಶ್ರಾವಣ ಮಾಸ. ಕಾಕುವಿಗೆ ದಿನಾ ಉಪವಾಸ. ಗುಡಿಯ ಮುಂದೆ ನನಗೆ ಮಿರ್ಚಿ ಭಜಿ ಕೊಡಿಸಿ ತಾವು ದೂರ ನಿಲ್ಲುತ್ತಿದ್ದರು. ಒಮ್ಮೆ ನಾನು ಬಾಳೆಹಣ್ಣು ಸುಲಿದು ಕೊಟ್ಟು, "ಉಪಾಸಕ್ಕ ಹಣ್ಣು ನಡೀತದಲ್ಲ ಕಾಕು?" ಎಂದೆ. "ನಂದು ಕಡಕ್ ಉಪಾಸ ಅದಾವ್ವಾ, ಹಣ್ಣು ಭೀ ನಡ್ಯೂದಿಲ್ಲ" ಎಂದರು. ಶ್ರಾವಣ ಮುಗಿದು ಭಾದ್ರಪದ ಬಂತು. ಕಾಕುವಿನ ಉಪವಾಸ ಮಾತ್ರ ಮುಗಿಯಲಿಲ್ಲ. ನನ್ನ ಸಲುವಾಗಿ ಯಾವುದೋ ಹರಕೆ ಹೊತ್ತಿದ್ದಾರೆ ಎಂದು ಅವ್ವ ಕಣ್ಣೀರು ತೆಗೆದಳು.

ಕೊನೆಗೆ ಕಮಲಾಪುರದ ಬಸ್ಸು. ಅಂದಿಗೆ ನನ್ನ ರಜೆ ಮುಗಿಯುವುದಿತ್ತು. ಇವತ್ತು ಮುಟ್ಟದಿದ್ದರೆ ಇನ್ನು ಮುಟ್ಟುವುದಿಲ್ಲ ಎಂದು ನನಗೂ ಗೊತ್ತಿತ್ತು, ಕಾಕುವಿಗೂ ಗೊತ್ತಿತ್ತು. ಅಂದು ಬಸ್ಸು ಗಿಜಿಗುಟ್ಟುತ್ತಿತ್ತು. ಕಿಟಕಿಯ ಜಾಗ ಒಂದೇ ಸಿಕ್ಕಿತು. ಅದನ್ನು ನನಗೆ ಕೊಟ್ಟು ಕಾಕು ನಡುವೆ ಕೂತರು. ಗಂಜ್ ದಾಟಿತು, ರಿಂಗ್ ರೋಡ್ ದಾಟಿತು. ಮಹಾಗಾಂವ ಕ್ರಾಸ್‌ನಲ್ಲಿ ನನ್ನ ಕೈ ಕಾಕುವಿನ ಕೈಯನ್ನು ಹುಡುಕಿತು. ಆ ಕೈ ನನ್ನದಕ್ಕಿಂತ ತಣ್ಣಗಿತ್ತು, ಒದ್ದೆಯಾಗಿತ್ತು. ನಿಂಬೆಹಣ್ಣು ಅವರ ಮೂಗಿಗೆ ಅಂಟಿಕೊಂಡಿತ್ತು. ಮಾತಿನ ಮಲ್ಲಿ ಕಾಕು ಒಂದಕ್ಷರ ಆಡಿರಲಿಲ್ಲ. ಜಪ ಮಾಡುತ್ತಿದ್ದಾರೆ ಎಂದುಕೊಂಡೆ.

ಸ್ವಲ್ಪ ದೂರ ಹೋದ ಮೇಲೆ ಒಮ್ಮೆಲೇ ಎದ್ದು ನಿಂತು ಕೂಗಿದರು, "ನಿಲ್ಸ್ರೀ! ಗಾಡಿ ನಿಲ್ಸ್ರೀ!"

"ಇಲ್ಲಿ ಸ್ಟಾಪ್ ಇಲ್ರೀ ಅಮ್ಮಾ" ಎಂದು ಕಂಡಕ್ಟರ್ ರೇಗಿದ. ಕಾಕುವಿನ ಮುಖ ನೋಡಿ ಏನನ್ನಿಸಿತೋ, ಸೀಟಿ ಊದಿದ. ಇಳಿದೆವು. ಬಸ್ಸು ಹೋಯಿತು. ಸುತ್ತ ನೋಡಿದರೆ ಅದೇ ಜಾಗ. ನಮ್ಮ ಬಸ್ಸು ಉರುಳಿದ ತಗ್ಗು ಕಣ್ಣೆದುರಿಗಿತ್ತು.

ನಾನು ರಸ್ತೆಯ ಅಂಚಿನಲ್ಲೇ ಕುಸಿದು ಕೂತೆ. ಕಾಕು ನನ್ನ ಕಡೆ ನೋಡದೆ, ಬೆನ್ನು ತಿರುಗಿಸಿ, ಒಂದು ಜಾಲಿ ಮರ ಹಿಡಿದು ತುಂಬ ಹೊತ್ತು ಬಗ್ಗಿ ನಿಂತರು. ನನ್ನನ್ನು ನನ್ನ ಹೆದರಿಕೆಯ ಜೊತೆ ಒಂಟಿಯಾಗಿ ಬಿಡಬೇಕೆಂದೇ ಹೀಗೆ ನಿಂತಿದ್ದಾರೆ, ಎಂಥ ಗಟ್ಟಿ ಜೀವ ಎನ್ನಿಸಿತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ತಗ್ಗಿನ ಕಡೆ ನೋಡಿದೆವು.

"ನೋಡವ್ವಾ, ಇದರಾಗ ಒಂದು ಎಮ್ಮಿ ಮೇಯಾಕತ್ತದ."

ಹೌದು, ಮೇಯುತ್ತಿತ್ತು. ನನ್ನ ಕನಸಿನಲ್ಲಿ ಪಾತಾಳದಷ್ಟು ಆಳವಿದ್ದ ತಗ್ಗಿನಲ್ಲಿ ಎಮ್ಮೆಯ ಬೆನ್ನು ರಸ್ತೆಯ ಮಟ್ಟಕ್ಕೇ ಕಾಣುತ್ತಿತ್ತು. ಅದು ತಲೆ ಎತ್ತಿ, ಹುಲ್ಲು ಅಗಿಯುತ್ತ, ಇವರ್ಯಾರು ಹೊಸಬರು ಎಂಬಂತೆ ನಮ್ಮನ್ನು ನೋಡಿತು. ನನಗೆ ನಗು ಬಂತು. ತಡೆಯಲಾರದೆ ನಕ್ಕೆ. ನಕ್ಕು ನಕ್ಕು ಅತ್ತೆ. ಹಿಂದೆ ಬಂದ ಬಸ್ಸಿಗೆ ಕೈ ಮಾಡಿ ನಿಲ್ಲಿಸಿದವಳು ನಾನೇ. ಕಮಲಾಪುರದಲ್ಲಿ ಇಳಿದು, ಸಂತೆಯಲ್ಲಿ ಕೆಂಪು ಬಾಳೆಹಣ್ಣು ಕೊಂಡು, ನಿಂತಲ್ಲೇ ತಿಂದೆ. ಕಾಕು ತಿನ್ನಲಿಲ್ಲ. ಮರುದಿನ ಒಬ್ಬಳೇ ಬಸ್ಸು ಹತ್ತಿ ಶಾಲೆಗೆ ಹೋದೆ. ಅಂದಿನಿಂದ ಇಂದಿನವರೆಗೂ ಹೋಗುತ್ತಿದ್ದೇನೆ.

ಆ ಒಂದು ಘಟನೆಯಿಂದ ಕಾಕು ನನ್ನ ಕಣ್ಣಿಗೆ ಆಕಾಶದೆತ್ತರಕ್ಕೆ ಬೆಳೆದರು. ಸರಿಯಾದ ಜಾಗದಲ್ಲಿ ಬಸ್ಸು ನಿಲ್ಲಿಸಿ, ಹೆದರಿಕೆಯನ್ನು ಬೇರು ಸಮೇತ ಕಿತ್ತ ಬುದ್ಧಿ ಅವರದು ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಈ ವರ್ಷ ಕಾಕು ಹಾಸಿಗೆ ಹಿಡಿದರು. ಕಾಲು ಬಾತು, ಅಂಗಳಕ್ಕೆ ಬರುವುದೂ ನಿಂತಿತು. ಒಂದು ಸೋಮವಾರ ಶಾಲೆಯಿಂದ ಬರುವಾಗ ಕೆಂಪು ಬಾಳೆಹಣ್ಣು ತಂದು ಅವರ ತಲೆದಿಂಬಿನ ಪಕ್ಕದಲ್ಲಿಟ್ಟೆ. ನೋಡುವಷ್ಟು ನೋಡಲಿ, ಉಪವಾಸ ಮುಗಿದ ಮೇಲೆ ತಿನ್ನಲಿ ಎಂದು. ಕಾಕು ಒಂದನ್ನು ಸುಲಿದು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿ, ನಿಧಾನವಾಗಿ ತಿಂದರು. ಇನ್ನೊಂದಕ್ಕೆ ಕೈ ಹಾಕಿದರು.

"ಕಾಕು, ಇವತ್ತ ಸೋಮವಾರಲ್ಲಾ?"

"ಇವತ್ತ ನಾ ಗಾಡಿ ಹತ್ತೂದಿಲ್ಲಲ್ಲವ್ವಾ."

ನನಗೆ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗಿನಲ್ಲಿ ನಗುತ್ತಿದ್ದಳು. "ಹೇಳಿಬಿಡ್ರಿ ಅತ್ತಿ ಈಗರೆ" ಎಂದಳು.

"ನನಗ ಗಾಡಿ ಆಗಿಬರೂದಿಲ್ಲ ಮಗಳ. ಸಣ್ಣಾಕಿ ಇದ್ದಾಗಿಂದ. ಹೊಟ್ಟಿ ತೊಳಸ್ತದ, ತಲಿ ತಿರಗ್ತದ. ತಿಂದ್ ಹತ್ತಿದ್ರ ಮುಗೀತು. ಲಿಂಬಿಹಣ್ಣ ಮೂಸಿದ್ರ ಜರಾ ತಡೀತದ. ಭಾಳ ಆದ್ರ ಇಳೀಬೇಕು. ಸುಮ್ಮ ಸುಮ್ಮನ ಹೆಂಗ ಇಳೀಲಿ? ಅದಕ್ಕ ಏನರೆ ಒಂದು ಕತಿ ಹೇಳ್ತಿದ್ದೆ."

"ಬಂದ್ ಮ್ಯಾಲ ಪೂಜಾ?"

"ಎಲ್ಲೀ ಪೂಜಾ ತಗೀರಿ!" ಎಂದಳು ಸೊಸೆ. "ತಲಿ ಮ್ಯಾಲ ತಣ್ಣೀರ ಅರಬಿ ಹಾಕ್ಕೊಂಡ್ ಸಂಜೀತನಾ ಮಕ್ಕೊಂತಿದ್ರು."

ನನ್ನ ಕಣ್ಣೆದುರಿಗೆ ಇಡೀ ಶ್ರಾವಣ, ಅದರ ನಂತರದ ಭಾದ್ರಪದ ಬಂದು ನಿಂತವು. ದಿನವೂ ನನ್ನ ಪಕ್ಕದಲ್ಲಿ ಹಸಿದ ಹೊಟ್ಟೆಯಲ್ಲಿ ಕೂತ ಹೆಂಗಸು. ನನಗೆ ಗಾಳಿಯ ಜಾಗ ಕೊಟ್ಟು ತಾನು ನಡುವೆ ಕೂತವಳು.

"ಹಂಗಾರ ಅವತ್ತ ಮಹಾಗಾಂವ ಕ್ರಾಸ್ ದಾಟಿ ಬಸ್ ನಿಲ್ಸಿದ್ದು?"

"ತಡಕೊಳ್ಳಾಕ ಆಗಲಿಲ್ಲವ್ವಾ. ಇಳಿದ ಮ್ಯಾಲನ ನೋಡಿದೆ, ಅದ ಜಾಗಾ. ನನ್ನ ಎದಿನೂ ಧಸಕ್ ಅಂತು."

"ಮತ್ತ ಎಮ್ಮಿ?"

"ಎಮ್ಮಿ ಖರೇನ ಇತ್ತು" ಎಂದರು ಕಾಕು. ಮೂವರೂ ನಕ್ಕೆವು.

ಇಷ್ಟು ಕಷ್ಟಪಟ್ಟು ಯಾಕೆ ಹೋಗುತ್ತಿದ್ದಿರಿ, ಒಮ್ಮೆಯಾದರೂ ಇಲ್ಲ ಅನ್ನಬಾರದಿತ್ತೇ ಎಂದು ಕೇಳಿದೆ. "ಮನಿಗಿ ಬಂದ ಮಂದಿ ಊರು ನೋಡದ ಹೋಗಬೇಕೇನು?" ಎಂದರು. ನನಗೇ ಏನೋ ತಿಳಿವಳಿಕೆ ಕಡಿಮೆ ಎಂಬ ಧಾಟಿಯಿತ್ತು. ಆಮೇಲೆ, "ನನಗೂ ನೋಡೂ ಹುಚ್ಚಿತ್ತವ್ವಾ" ಎಂದು ಸಣ್ಣ ದನಿಯಲ್ಲಿ ಸೇರಿಸಿದರು. "ಯಾರಿಗೂ ಹೇಳಬ್ಯಾಡ. ಗೊತ್ತಾದ್ರ ಯಾರೂ ನನ್ನ ಕರ್ಯೂದಿಲ್ಲ." ಅಂಗಳಕ್ಕೂ ಬಾರದ ಕಾಕು, ಮತ್ತೆ ಯಾರೋ ಕರೆಯುತ್ತಾರೆ ಎಂದು ಕಾಯುತ್ತಿದ್ದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಅವರಿರುವ ತನಕ ಉಳಿಸಿಕೊಂಡೆ.

ಕಮಲಾಪುರದ ಹೊಲದಲ್ಲಿ, ಗಂಡನ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಮಳೆ ಜಿನುಗುತ್ತಿದ್ದುದರಿಂದ ಮಗ ಒಂದು ಮುಚ್ಚಿದ ಗಾಡಿ ತರಿಸಿದ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಇಳಕಲ್ ಸೀರೆ ಉಡಿಸಿ ಕಾಕುವನ್ನು ಗಾಡಿಯಲ್ಲಿ ಕೂಡಿಸಿದರು. ಬೀದಿಯ ತುಂಬ ಜನ. ಸ್ಟ್ಯಾಂಡಿನ ಟಂಟಂ ಡ್ರೈವರುಗಳೆಲ್ಲ ಬಂದಿದ್ದರು. ಗಡ್ಡದವನು ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಗಾಡಿ ಹೊರಡುವ ಮುಂಚೆ ಸೊಸೆ ಒಳಗೋಡಿ ಹೋಗಿ ಒಂದು ನಿಂಬೆಹಣ್ಣು ತಂದು ಕಾಕುವಿನ ಬಲಗೈಯಲ್ಲಿಟ್ಟಳು.

"ದೃಷ್ಟಿಗೇನವ್ವಾ?" ಎಂದು ಹಿರಿಯರೊಬ್ಬರು ಕೇಳಿದರು.

"ಹೌದ್ರೀ" ಎಂದಳು ಸೊಸೆ.

"ಭಾಳ ದೊಡ್ಡ ಭಕ್ತಿ ಅವರದು. ಒಂದು ವಾರ ಉಪಾಸ ಬಿಟ್ಟವರಲ್ಲ" ಎಂದು ಅವರು ಕೈ ಮುಗಿದರು. ನಾನೂ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇಬ್ಬರೂ ಕಾಕುವಿನ ಆಚೆಗೊಬ್ಬರು ಈಚೆಗೊಬ್ಬರು ಕೂತೆವು. ಡ್ರೈವರ್ ಬಾಗಿಲು ಎಳೆದುಕೊಂಡು, ಮಳೆಯ ಎರಚಲು ಎಂದು ಕಿಟಕಿಯ ಗಾಜು ಏರಿಸತೊಡಗಿದ. ಸೊಸೆ ಮುಂದೆ ಬಾಗಿ ಅವನ ಹೆಗಲು ಮುಟ್ಟಿದಳು.

"ಅಣ್ಣಾ, ಕಿಡಕಿ ಹಾಕಬ್ಯಾಡ್ರಿ. ನಮ್ಮ ಅತ್ತಿಗಿ ಗಾಳಿ ಬೇಕು."